ತಿದ್ದಿದವರಾರು? ಲೆಕ್ಕ ಕೊಡಿ!

ಬೀದರಿನ ಗಾಂಧಿಗಂಜಿನಲ್ಲಿ ಅಂಗಡಿ ಇಟ್ಟವನು ತನ್ನ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯ ಅವಧಿ ತೀರಿದರೆ ದಂಡ. ತೂಕದ ಕಲ್ಲು ಸವೆದಿದ್ದರೆ ದಂಡ. ಇದು ನ್ಯಾಯವೇ ಸರಿ. ತೂಗುವವನ ಬಾಯಿಮಾತನ್ನು ನಂಬಿ ಸಂತೆ ನಡೆಯಲಾರದು. ಆದರೆ ಈ ಅಂಗಡಿಕಾರನನ್ನೇ ತೂಗುವ ಇನ್ನೊಂದು ತಕ್ಕಡಿ ಇಂದು ಎದ್ದು ನಿಂತಿದೆ. ಅವನ ತೆರಿಗೆಯನ್ನು ಅದೇ ಎಣಿಸುತ್ತದೆ. ಗಿರಣಿಯ ಕೂಲಿಕಾರನ ಹಾಜರಿ, ಸಂಬಳ, ಕಡಿತ ಎಲ್ಲವನ್ನೂ ಅದೇ ಬರೆಯುತ್ತದೆ. ಭಾಲ್ಕಿಯ ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ಅಂಕಿ ತೋರಿಸುವುದೂ ಅದೇ. ಔರಾದಿನ ರೈತನಿಗೆ ಪಹಣಿ ಮುದ್ರಿಸಿಕೊಡುವುದೂ ಅದೇ. ಅದರ ಹೆಸರು ತಂತ್ರಾಂಶ. ಮುದ್ರೆಯಿಲ್ಲದ ಈ ತಕ್ಕಡಿಯನ್ನು ಯಾರು ಕಟ್ಟಿದರು, ಯಾವಾಗ ತಿದ್ದಿದರು, ಏತಕ್ಕೆ ತಿದ್ದಿದರು ಎಂದು ಕೇಳುವ ಹಕ್ಕು ತೂಗಿಸಿಕೊಳ್ಳುವವನಿಗೆ ಉಂಟೋ ಇಲ್ಲವೋ? ಉಂಟು ಎಂಬುದೇ ನಮ್ಮ ವಾದ. ಅದನ್ನು ಸಾಧಿಸುವ ಉಪಾಯವೂ ಉಂಟು ಎಂಬುದನ್ನು ಈ ಲೇಖನದಲ್ಲಿ ತೋರಿಸುತ್ತೇವೆ.

ತಂತ್ರಾಂಶವೆಂದರೆ ದೇವರ ವಾಣಿಯಲ್ಲ. ಮನುಷ್ಯರು ಸಾಲುಸಾಲಾಗಿ ಬರೆದ ಬರಹ. ಆ ಬರಹಕ್ಕೆ ಮೂಲಸಂಕೇತ ಎನ್ನುತ್ತಾರೆ. ಇಷ್ಟು ಗಂಟೆ ದುಡಿದರೆ ಇಷ್ಟು ಕೂಲಿ, ಇಷ್ಟು ದಿನ ತಡವಾದರೆ ಇಷ್ಟು ದಂಡ, ಚೂರುಪಾರು ಪೈಸೆ ಬಂದರೆ ಮೇಲಕ್ಕೇರಿಸು ಅಥವಾ ಕೆಳಕ್ಕಿಳಿಸು—ಹೀಗೆ ಅಪ್ಪಣೆಗಳ ಸರಮಾಲೆ. ಒಂದು ಸಾಲಿನಲ್ಲಿ ಒಂದು ಅಂಕಿ ಬದಲಾದರೆ ಸಾವಿರ ಕೂಲಿಗಳ ಪಗಾರ ಬದಲಾಗುತ್ತದೆ. ಈ ಬರಹವನ್ನು ಹತ್ತು ಜನ, ನೂರು ಜನ, ಸಾವಿರ ಜನ ಸೇರಿ ವರ್ಷಗಟ್ಟಲೆ ತಿದ್ದುತ್ತಲೇ ಇರುತ್ತಾರೆ. ಅಷ್ಟು ಜನ ತಿದ್ದಿದ್ದಕ್ಕೆ ಲೆಕ್ಕ ಬೇಡವೇ?

ಬೇಕೆಂದು ಮೊದಲು ಕಂಡುಕೊಂಡವರು ಆ ಕಸುಬಿನವರೇ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬಾತ 1972ರಲ್ಲಿ ಇದಕ್ಕೊಂದು ವ್ಯವಸ್ಥೆ ಕಟ್ಟಿದ. ಆಮೇಲೆ ಇಂಥವು ಹಲವು ಬಂದವು. ಆ ಬಗೆಯ ವ್ಯವಸ್ಥೆಗೆ ವರ್ಷನ್ ಕಂಟ್ರೋಲ್ ಎಂದು ಹೆಸರು. ನಾವು ಅದನ್ನು ತಿದ್ದುಪಡಿಯ ಬಹಿ ಎಂದು ಕರೆಯುತ್ತೇವೆ. ಏಕೆಂದರೆ ಅದು ನಮ್ಮ ಅಡತಿಗಳ ಬಹಿಗಿಂತ ಬೇರೆಯಾದ ವಸ್ತುವಲ್ಲ.

ಕಿರ್ದಿ ಬರೆಯುವ ಮುನೀಮನನ್ನು ಕೇಳಿ ನೋಡಿ. ತಪ್ಪು ಬಿದ್ದರೆ ಒರೆಸಬಾರದು. ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ರುಜು ಹಾಕಬೇಕು. ಹಾಳೆ ಹರಿಯಬಾರದು. ಪುಟದ ಸಂಖ್ಯೆ ತಪ್ಪಬಾರದು. ಹಳೆಯ ತಪ್ಪೂ ಕಾಣಬೇಕು, ಹೊಸ ತಿದ್ದುಪಡಿಯೂ ಕಾಣಬೇಕು. ತಿದ್ದುಪಡಿಯ ಬಹಿಯೂ ಇದನ್ನೇ ಮಾಡುತ್ತದೆ. ಯಾವ ಸಾಲು ಹೋಯಿತು, ಯಾವ ಸಾಲು ಬಂತು, ಯಾರು ಬರೆದರು, ಯಾವ ದಿನ ಯಾವ ಗಳಿಗೆಯಲ್ಲಿ, ಏನು ಕಾರಣ—ಇಷ್ಟನ್ನೂ ಸೇರಿಸಿ ಒಂದು ನಮೂದು. ಬೇಕೆಂದಾಗ ಹಿಂದಿನ ಯಾವ ದಿನದ ಬರಹವನ್ನಾದರೂ ಹೊರಗೆ ತೆಗೆದು ಇಂದಿನದರ ಪಕ್ಕದಲ್ಲಿಟ್ಟು ನೋಡಬಹುದು.

ನಮ್ಮ ಜಿಲ್ಲೆಯ ಜನಕ್ಕೆ ಲೆಕ್ಕದ ಮಹತ್ವವನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸ ಪೋಲು ಮಾಡಿದರೆಂಬ ದೂರು ಬಂದಾಗ ಅವರು ಅಧಿಕಾರದ ಗತ್ತು ತೋರಿಸಲಿಲ್ಲ, ಲೆಕ್ಕ ತೋರಿಸಿದರು ಎಂಬುದು ಇಲ್ಲಿನ ಮಕ್ಕಳೂ ಕೇಳಿದ ಕಥೆ. ಲೆಕ್ಕ ಶುದ್ಧವಿದ್ದವನು ಬಹಿ ಬಿಚ್ಚಲು ಹೆದರುವುದಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೇ ಹೆದರಿಕೆ.

ಈಗ ಪಹಣಿಯ ವಿಚಾರಕ್ಕೆ ಬರೋಣ. ನಿಜಾಮಶಾಹಿಯಲ್ಲಿ ಪಟವಾರಿಯ ದಫ್ತರ ಎಂಥದೆಂಬುದನ್ನು ಹಿರಿಯರಿಂದ ಕೇಳದ ಮನೆ ಔರಾದ ಸೀಮೆಯಲ್ಲಿ ಇರಲಿಕ್ಕಿಲ್ಲ. ಜಮೀನು ಉಳುವವನದು, ಅಕ್ಷರ ಪಟವಾರಿಯದು. ದಫ್ತರ ಅವನ ಮನೆಯಲ್ಲಿ. ಬರೆಯುವವನೂ ಅವನೇ, ಓದುವವನೂ ಅವನೇ. ಒಂದು ಹೆಸರು ಹೋಗಿ ಇನ್ನೊಂದು ಹೆಸರು ಕೂತರೆ ಕೇಳುವವರಿಲ್ಲ. 1948ರಲ್ಲಿ ನಿಜಾಮಶಾಹಿ ಹೋಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ವಂಶಪಾರಂಪರ್ಯದ ದಫ್ತರಕ್ಕೆ ಕೊನೆ ಹಾಡಿತು. ಆಮೇಲೆ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೇರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟು ಯಾವ ರೈತನಾದರೂ ತಾಲ್ಲೂಕು ಕಚೇರಿಯಲ್ಲಿ ತನ್ನ ಪಹಣಿ ಪಡೆಯುವಂತಾಯಿತು. ತಿದ್ದುವ ನೌಕರನು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂದು ಯಂತ್ರವೇ ಹಿಡಿಯಿತು. ಇದು ಒಳ್ಳೆಯ ಕೆಲಸವೆಂದು ನಾವು ಮುಕ್ತಕಂಠದಿಂದ ಹೇಳುತ್ತೇವೆ.

ಆದರೆ ಬೆರಳಚ್ಚು ಕೊಡಬೇಕಾದವನು ಪಹಣಿಯನ್ನು ತಿದ್ದುವ ಸಣ್ಣ ನೌಕರ. ಪಹಣಿಯನ್ನು ನಡೆಸುವ ತಂತ್ರಾಂಶವನ್ನೇ ತಿದ್ದುವವನ ಬೆರಳಚ್ಚು ಎಲ್ಲಿದೆ? ಯಾವ ಅರ್ಜಿ ಸ್ವೀಕಾರಾರ್ಹ, ಯಾವುದು ತಿರಸ್ಕೃತ, ಯಾವ ಕಲಮು ಮುದ್ರಣವಾಗಬೇಕು ಎಂಬ ಕಟ್ಟಳೆಗಳು ಆ ಬರಹದಲ್ಲಿವೆ. ಅದರ ತಿದ್ದುಪಡಿಯ ಬಹಿಯನ್ನು ಔರಾದಿನ ರೈತನ ಮುಂದೆ ಬಿಚ್ಚಿಟ್ಟವರನ್ನು ನಾವು ಕಂಡಿಲ್ಲ. ಹಳೆಯ ಪಟವಾರಿಯ ಮನೆಯಾದರೂ ಗೊತ್ತಿತ್ತು. ಹೋಗಿ ಬಾಗಿಲು ತಟ್ಟಬಹುದಿತ್ತು. ಈ ಹೊಸ ಪಟವಾರಿಗೆ ಮನೆಯೂ ಇಲ್ಲ, ಮುಖವೂ ಇಲ್ಲ. ‘ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ’ ಎಂಬ ಎರಡೇ ಮಾತಿನಲ್ಲಿ ನಾಡಕಚೇರಿಯ ಕಿಟಕಿ ಮುಚ್ಚುತ್ತದೆ.

ವರ್ತಕ ಬಾಂಧವರು ಇದು ರೈತರ ತಾಪತ್ರಯವೆಂದು ಕೈಕಟ್ಟಿ ಕೂಡಬಾರದು. ಜಿಎಸ್‌ಟಿ ಜಾಲವನ್ನು ಕಟ್ಟುವ ಗುತ್ತಿಗೆ 2015ರಲ್ಲಿ ಇನ್ಫೋಸಿಸ್ ಕಂಪನಿಗೆ 1,380 ಕೋಟಿ ರೂಪಾಯಿಗೆ ಹೋಯಿತು. 2017ರ ಜುಲೈ 1ರಂದು ತೆರಿಗೆ ಜಾರಿಗೆ ಬಂತು. ಮೊಟ್ಟಮೊದಲ ರಿಟರ್ನಿನ ಗಡುವಿಗೇ ಪೋರ್ಟಲು ಕುಸಿದು ಕೂತಿತು. ಆಗಸ್ಟ್ 20ರ ಗಡುವನ್ನು 25ಕ್ಕೆ ಮುಂದೂಡಬೇಕಾಯಿತು. ತಪ್ಪು ಯಾವ ಸಾಲಿನಲ್ಲಿತ್ತು, ಯಾರು ಅದನ್ನು ಸರಿಪಡಿಸಿದರು, ಸರಿಪಡಿಸುವಾಗ ಇನ್ನೇನನ್ನು ಕೆಡಿಸಿದರು—ಇದಾವುದೂ ಗಂಜಿನ ವರ್ತಕನಿಗೆ ತಿಳಿಯಲಿಲ್ಲ. ಅವನ ಬಹಿಯನ್ನು ಮಾತ್ರ ಇನ್‌ಸ್ಪೆಕ್ಟರು ಯಾವಾಗ ಬೇಕಾದರೂ ಬಿಚ್ಚಿಸಬಹುದು! ಸಣ್ಣವನ ಬಹಿ ಬಯಲಲ್ಲಿ, ದೊಡ್ಡವನ ಬಹಿ ಬೀಗದಲ್ಲಿ. ಇದು ಯಾವ ಊರ ನ್ಯಾಯ?

ಇದರಿಂದ ಎಂಥ ಅನಾಹುತವಾಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಸಾಕು. ಅಲ್ಲಿ ಹಳ್ಳಿಹಳ್ಳಿಗಳಲ್ಲಿ ಸಣ್ಣ ಅಂಗಡಿಕಾರರೇ ಅಂಚೆ ಕಚೇರಿಯನ್ನೂ ನಡೆಸುತ್ತಾರೆ. ನಮ್ಮ ಗಂಜಿನ ಅಂಗಡಿಕಾರರಂಥ ಜನ. 1999ರಿಂದ ಅವರ ಲೆಕ್ಕವನ್ನು ‘ಹೊರೈಜನ್’ ಎಂಬ ತಂತ್ರಾಂಶ ಹಿಡಿಯತೊಡಗಿತು. ಅದನ್ನು ನಡೆಸುತ್ತಿದ್ದುದು ಫುಜಿತ್ಸು ಕಂಪನಿ. ಪೆಟ್ಟಿಗೆಯಲ್ಲಿ ಹಣ ಸರಿಯಾಗಿದ್ದರೂ ಯಂತ್ರ ಕೊರತೆ ತೋರಿಸಿತು. ಯಂತ್ರ ತಪ್ಪುವುದಿಲ್ಲ, ನೀನೇ ಕಳ್ಳ ಎಂದು 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆ ವಿಧಿಸಿದರು. ಕೆಲವರು ಜೈಲಿಗೆ ಹೋದರು. ಹಲವರು ಮನೆ ಮಾರಿ ಇಲ್ಲದ ಕೊರತೆ ತುಂಬಿದರು. ಇಂಥ ತೊಂದರೆ ನಿನ್ನೊಬ್ಬನಿಗೇ ಬಂದಿದೆ ಎಂದು ಒಬ್ಬೊಬ್ಬರಿಗೂ ಹೇಳಿ ಅವರನ್ನು ಒಂಟಿಯಾಗಿಸಿದರು.

ನಿಜಾಂಶವೇನು? ತಂತ್ರಾಂಶದಲ್ಲಿ ದೋಷಗಳಿದ್ದವು. ಗೊತ್ತಿದ್ದ ದೋಷಗಳ ಪಟ್ಟಿಯೊಂದನ್ನು ಕಂಪನಿಯೇ ಇಟ್ಟಿತ್ತು; ಅಂಗಡಿಕಾರರ ಕೈಗೆ ಅದು ಸಿಗಲಿಲ್ಲ. ಅಂಗಡಿಕಾರನಿಗೆ ತಿಳಿಯದಂತೆ ದೂರದಿಂದಲೇ ಅವನ ಲೆಕ್ಕದೊಳಗೆ ನಮೂದು ಸೇರಿಸಲು ಕಂಪನಿಯವರಿಗೆ ಸಾಧ್ಯವಿತ್ತು. ಇದನ್ನೆಲ್ಲ ಲಂಡನ್ನಿನ ಹೈಕೋರ್ಟು 2019ರ ಡಿಸೆಂಬರಿನಲ್ಲಿ ತೀರ್ಪಾಗಿ ಬರೆಯಿತು. ಅಂದರೆ 20 ವರ್ಷಗಳ ಮೇಲೆ! ಕೊನೆಗೆ 2024ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ಶಿಕ್ಷೆಗಳನ್ನು ಅಳಿಸಬೇಕಾಯಿತು. ಇನ್ನೊಂದು ಮಾತು ಗಮನಿಸಿ. ಯಂತ್ರದ ಲೆಕ್ಕವನ್ನು ಸಾಕ್ಷ್ಯವಾಗಿ ತರುವವನು ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ಮೊದಲು ತೋರಿಸಬೇಕು ಎಂಬ ಕಲಮು ಅಲ್ಲಿನ ಕಾನೂನಿನಲ್ಲಿತ್ತು. 1999ರ ಕಾನೂನಿನಿಂದ ಅದನ್ನು ಕಿತ್ತುಹಾಕಿದ್ದರು. ಯಂತ್ರ ಸತ್ಯಸಂಧ, ಬಡವ ಸುಳ್ಳ ಎಂಬುದೇ ಅಂದಿನಿಂದ ಆರಂಭದ ನಂಬಿಕೆಯಾಯಿತು.

ಅಲ್ಲಿಯ ಮಾತು ಅಲ್ಲಿರಲಿ. ನಮ್ಮ ದೇಶದಲ್ಲೇ ಏನಾಯಿತು? 2020ರ ಏಪ್ರಿಲ್ 2ರಂದು ಕೊರೊನಾ ಕಾಲದಲ್ಲಿ ‘ಆರೋಗ್ಯ ಸೇತು’ ಬಂತು. ಮೇ 1ರ ಆದೇಶದಲ್ಲಿ ಸರ್ಕಾರಿ, ಖಾಸಗಿ ನೌಕರರೆಲ್ಲರೂ ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಲೇಬೇಕೆಂದರು. ಕೆಲದಿನಗಳಲ್ಲಿ ಅದನ್ನು ಸಡಿಲಿಸಿದರು. ಮೇ 26ರಂದು ಅದರ ಒಂದು ಭಾಗದ ಮೂಲಸಂಕೇತವನ್ನು ಪ್ರಕಟಿಸಿದರು, ಸಂತೋಷ. ಆದರೆ ಒಬ್ಬ ನಾಗರಿಕನು ಮಾಹಿತಿ ಹಕ್ಕಿನಡಿ ಇದನ್ನು ಕಟ್ಟಿದವರಾರು ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಹುಟ್ಟಲಿಲ್ಲ. ಕೇಂದ್ರ ಮಾಹಿತಿ ಆಯೋಗವೇ ನೋಟಿಸು ಕೊಡಬೇಕಾಯಿತು. ಆಮೇಲೆ ಸಚಿವಾಲಯವು ರಾಷ್ಟ್ರೀಯ ಮಾಹಿತಿ ಕೇಂದ್ರವೂ ಹೊರಗಿನ ಸ್ವಯಂಸೇವಕರೂ ಸೇರಿ ಕಟ್ಟಿದರೆಂದು ವಿವರಣೆ ಕೊಟ್ಟಿತು. ಕೋಟ್ಯಂತರ ಜನರ ಜೇಬಿನೊಳಗೆ ಕೂತ ವಸ್ತುವನ್ನು ಹೆತ್ತವರಾರೆಂದು ಹೇಳಲು ಇಷ್ಟು ತಿಣುಕಾಟ! ಮೊದಲ ದಿನದಿಂದ ತಿದ್ದುಪಡಿಯ ಬಹಿಯನ್ನು ಬಯಲಲ್ಲಿ ಇಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದರ ಪ್ರತಿ ನಮೂದಿನಲ್ಲೂ ಹೆಸರೇ ಮೊದಲು.

ಇದಕ್ಕೆ ಎದುರಾಳಿಗಳು ಮೂರು ತಕರಾರು ಎತ್ತುತ್ತಾರೆ. ಒಂದೊಂದಾಗಿ ನೋಡೋಣ.

ಬಹಿ ಬಿಚ್ಚಿದರೆ ಕಳ್ಳರು ಒಳಗೆ ಬರುತ್ತಾರೆ ಎಂಬುದು ಮೊದಲನೆಯದು. ಕಳ್ಳರು ಮುಚ್ಚಿದ ಮನೆಗೂ ಬರುತ್ತಾರೆ. ತೆರೆದ ಮನೆಯಲ್ಲಿ ಏನಾಗುತ್ತದೆಂಬುದಕ್ಕೆ 2024ರ ಮಾರ್ಚ್ ತಿಂಗಳ ಪ್ರಸಂಗ ಸಾಕ್ಷಿ. ಎಕ್ಸ್‌ಜೆಡ್ ಎಂಬ ಸಣ್ಣ ಸಲಕರಣೆಯೊಂದು ಲೋಕದ ಅಸಂಖ್ಯ ಯಂತ್ರಗಳಲ್ಲಿದೆ. ಸುಳ್ಳು ಹೆಸರಿನ ಒಬ್ಬನು ಎರಡು ವರ್ಷಕ್ಕೂ ಮೇಲ್ಪಟ್ಟು ಸಜ್ಜನನಂತೆ ದುಡಿದು, ವಿಶ್ವಾಸ ಗಳಿಸಿ, ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರೆಯಂಡ್ ಎಂಬ ಎಂಜಿನಿಯರನಿಗೆ ತನ್ನ ಯಂತ್ರವು ಅರ್ಧ ಸೆಕೆಂಡು ತಡಮಾಡುತ್ತಿದೆ ಎನ್ನಿಸಿತು. ಮೂಲಸಂಕೇತ ತೆರೆದೇ ಇದ್ದುದರಿಂದ ಆತ ಅಗೆಯುತ್ತಾ ಹೋಗಿ ಕಳ್ಳತನ ಹಿಡಿದ. ಕಳ್ಳನ ಪ್ರತಿಯೊಂದು ನಮೂದೂ ಬಹಿಯಲ್ಲಿ ಉಳಿದಿತ್ತು. ಲೋಕವೆಲ್ಲ ಅದನ್ನು ಓದಿತು. ಇಲ್ಲಿ ಇನ್ನೊಂದು ಪಾಠವಿದೆ. ಕಳ್ಳಬಾಗಿಲನ್ನು ತೆರೆಯುವ ತುಣುಕು ಬಹಿಯಲ್ಲಿ ಇರಲಿಲ್ಲ. ಹಂಚಲು ಕಟ್ಟಿದ ಮೂಟೆಯಲ್ಲಿ ಮಾತ್ರ ಇತ್ತು. ತೋರಿಸಿದ ಮಾಲು ಒಂದು, ಚೀಲಕ್ಕೆ ತುಂಬಿದ ಮಾಲು ಇನ್ನೊಂದು! ಆದ್ದರಿಂದ ಬಹಿ ತೋರಿಸಿದರಷ್ಟೇ ಸಾಲದು; ಮೂಟೆ ಬಹಿಗೆ ಹೊಂದುತ್ತದೆಯೇ ಎಂದೂ ತಾಳೆ ನೋಡಬೇಕು.

ಭಾಲ್ಕಿಯಲ್ಲಿ ಇದನ್ನು ಓದುವವರಾರು ಎಂಬುದು ಎರಡನೆಯ ತಕರಾರು. ಇದು ಬರೀ ಸೊಕ್ಕಿನ ಮಾತು. ಕೋರ್ಟಿನ ತೀರ್ಪನ್ನು ಎಲ್ಲರೂ ಓದುವುದಿಲ್ಲ. ಹಾಗೆಂದು ತೀರ್ಪನ್ನು ಗುಟ್ಟಾಗಿ ಇಡುತ್ತಾರೆಯೇ? ಓದಬಲ್ಲ ಒಬ್ಬ ವಕೀಲನಿದ್ದರೆ ಊರಿಗೆ ಸಾಕು. ನಮ್ಮ ಬೀದರಿನಲ್ಲಿ, ಭಾಲ್ಕಿಯಲ್ಲಿ ಕೂಲಿಕಾರರ, ಹಮಾಲರ, ಕಿರಾಣಿ ಅಂಗಡಿಕಾರರ ಮಕ್ಕಳು ಎಂಜಿನಿಯರಿಂಗ್ ಕಲಿತು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಇದೇ ಬಹಿ ಬರೆದು ಹೊಟ್ಟೆ ಹೊರೆಯುತ್ತಿದ್ದಾರೆ. ಕಂಪನಿಯ ಬಹಿ ಬರೆಯಲು ಬುದ್ಧಿಯಿರುವ ಮಗನಿಗೆ ತನ್ನ ತಂದೆಯ ಪಹಣಿಯ ಬಹಿ ಓದಲು ಬುದ್ಧಿಯಿಲ್ಲವೇ?

ವ್ಯಾಪಾರದ ಗುಟ್ಟು ಎಂಬುದು ಮೂರನೆಯದು. ಖಾಸಗಿಯವನು ತನ್ನ ದುಡ್ಡಿನಲ್ಲಿ ತನ್ನ ಮನೆಗೆ ಮಾಡಿಕೊಂಡದ್ದನ್ನು ನಾವು ಕೇಳುತ್ತಿಲ್ಲ. ನಮ್ಮ ತೆರಿಗೆಯ ದುಡ್ಡಿನಲ್ಲಿ ನಮ್ಮನ್ನೇ ತೂಗಲು ಮಾಡಿದ್ದನ್ನು ಕೇಳುತ್ತಿದ್ದೇವೆ. ಕೇಂದ್ರ ಸರ್ಕಾರವೇ 2015ರಲ್ಲಿ ಸರ್ಕಾರಿ ತಂತ್ರಾಂಶಗಳ ಮೂಲಸಂಕೇತವನ್ನು ತೆರೆಯುವ ನೀತಿಯೊಂದನ್ನು ಹೊರಡಿಸಿತು. ಅದಕ್ಕಾಗಿ ‘ಓಪನ್‌ಫೋರ್ಜ್’ ಎಂಬ ತಾಣವನ್ನೂ ಕಟ್ಟಿತು. ನೀತಿ ಕಾಗದದಲ್ಲಿದ್ದರೆ ಯಾರ ಹೊಟ್ಟೆ ತುಂಬುತ್ತದೆ? 2005ರ ಮಾಹಿತಿ ಹಕ್ಕು ಕಾನೂನಿನ 2ನೇ ಕಲಮನ್ನು ತೆಗೆದು ನೋಡಿ: ‘ಮಾಹಿತಿ’ ಎಂಬುದರ ಅರ್ಥದಲ್ಲಿ ಲಾಗ್‌ಬುಕ್ಕು ಎಂಬ ಮಾತು ಸ್ಪಷ್ಟವಾಗಿ ಸೇರಿದೆ. ಲಾರಿಯ ಲಾಗ್‌ಬುಕ್ಕನ್ನು ಕೇಳಬಹುದಾದರೆ ತಂತ್ರಾಂಶದ ಲಾಗ್‌ಬುಕ್ಕನ್ನು ಕೇಳಬಾರದೇಕೆ?

ಇನ್ನು ಬಹಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ. ಇದನ್ನು ದುಡಿಯುವ ಜನ ಚೆನ್ನಾಗಿ ಅರಿಯಬೇಕು. ಲಿನಕ್ಸ್ ಎಂಬ ದೊಡ್ಡ ತಂತ್ರಾಂಶವನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ. ಲೋಕದ ಸಾವಿರಾರು ಜನ ಕೂಡಿ ಬೆಳೆಸಿದರು. 2002ರಿಂದ ಅವರು ತಮ್ಮ ತಿದ್ದುಪಡಿಯ ಲೆಕ್ಕವನ್ನು ‘ಬಿಟ್‌ಕೀಪರ್’ ಎಂಬ ಖಾಸಗಿ ಕಂಪನಿಯ ಬಹಿಯಲ್ಲಿ ಬರೆಯತೊಡಗಿದರು. ಧರ್ಮಕ್ಕೆ ಕೊಟ್ಟ ಬಹಿ; ಆದರೆ ಅಂಥದೇ ಇನ್ನೊಂದನ್ನು ಕಟ್ಟುವವರು ಇದನ್ನು ಮುಟ್ಟಬಾರದೆಂಬ ಷರತ್ತು. ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಎಂಬಾತ ಆ ಬಹಿಯ ಲೆಕ್ಕವನ್ನು ಬೇರೆ ಸಲಕರಣೆಯಿಂದ ಓದುವ ಪ್ರಯತ್ನ ಮಾಡಿದ. ಮಾಲೀಕ ಸಿಟ್ಟಾಗಿ 2005ರ ಏಪ್ರಿಲಿನಲ್ಲಿ ಧರ್ಮದ ಬಹಿಯನ್ನು ಕಿತ್ತುಕೊಂಡ. ಸಾಹುಕಾರನು ಬಾವಿಗೆ ಬೇಲಿ ಹಾಕಿದಂತೆ!

ದುಡಿಯುವವರು ಏನು ಮಾಡಿದರು? ಅತ್ತು ಕೂಡಲಿಲ್ಲ. ಏಪ್ರಿಲ್ 3ರಂದು ಟೊರ್ವಾಲ್ಡ್ಸ್ ಹೊಸ ಬಹಿ ಕಟ್ಟಲು ಕೂತ. ಏಪ್ರಿಲ್ 7ಕ್ಕೆ ಆ ಬಹಿ ತನ್ನ ಲೆಕ್ಕವನ್ನು ತಾನೇ ಹಿಡಿಯತೊಡಗಿತು. ಅದರ ಹೆಸರು ‘ಗಿಟ್’. ಅದರ ರಚನೆಯೇ ನಮಗೆ ಪಾಠ. ಬಹಿಯ ಒಂದು ಪ್ರತಿ ಮಾಲೀಕನ ಪೆಟ್ಟಿಗೆಯಲ್ಲಿ ಅಲ್ಲ. ಕೆಲಸಗಾರ ಒಬ್ಬೊಬ್ಬನ ಕೈಯಲ್ಲೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಡೀ ಪ್ರತಿ. ಪ್ರತಿ ನಮೂದಿಗೂ, ಅದರ ಬರಹವನ್ನೂ ಹಿಂದಿನ ನಮೂದಿನ ಗುರುತನ್ನೂ ಬೆರೆಸಿ ಲೆಕ್ಕ ಕಟ್ಟಿದ 40 ಅಕ್ಷರಗಳ ಒಂದು ಮುದ್ರೆ. ಹಳೆಯ ಪುಟದಲ್ಲಿ ಒಂದು ಚುಕ್ಕೆ ಬದಲಿಸಿದರೂ ಅಲ್ಲಿಂದ ಮುಂದಿನ ಮುದ್ರೆಗಳೆಲ್ಲ ಬದಲಾಗುತ್ತವೆ. ಮಾಲೀಕನು ತನ್ನ ಪ್ರತಿಯನ್ನು ಹರಿದು ಹೊಸದಾಗಿ ಬರೆಯಬಲ್ಲ, ನಿಜ. ಆದರೆ ಉಳಿದವರ ಪ್ರತಿಗೆ ಅದು ಹೊಂದುವುದಿಲ್ಲ. ಕಳ್ಳತನ ಅಲ್ಲೇ ಬಯಲು. ಹೆಸರಿನ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದೆಂಬ ಕೊರತೆ ಅದಕ್ಕಿದೆ. ಅದಕ್ಕೆ ಗೂಢಲಿಪಿಯ ರುಜು ಹಾಕುವ ಏರ್ಪಾಡೂ ಇದೆ. ಇನ್ನು ಬಿಟ್‌ಕೀಪರಿನ ಗತಿ? 2016ರಲ್ಲಿ ಅದೂ ತನ್ನ ಮೂಲಸಂಕೇತವನ್ನು ಬಿಚ್ಚಿಟ್ಟಿತು. ಅಷ್ಟರಲ್ಲಿ ಸಂತೆ ಮುಗಿದಿತ್ತು.

ಇಲ್ಲಿಗೆ ಗೆದ್ದೆವೆಂದು ಮೈಮರೆಯುವಂತಿಲ್ಲ. ಗಿಟ್ ಬಹಿಗಳನ್ನು ಒಂದೆಡೆ ಇಡುವ ‘ಗಿಟ್‌ಹಬ್’ ಎಂಬ ಉಗ್ರಾಣ 2008ರಲ್ಲಿ ತೆರೆಯಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. 2019ರಲ್ಲಿ ಅಮೆರಿಕದ ನಿರ್ಬಂಧವೆಂದು ಇರಾನ್, ಸಿರಿಯಾ, ಕ್ರಿಮಿಯಾದ ಕೆಲಸಗಾರರಿಗೆ ಅದರ ಕೆಲವು ಬಾಗಿಲುಗಳು ಮುಚ್ಚಿದವು. ನಮ್ಮ ಸರ್ಕಾರವೇ 2014ರ ಡಿಸೆಂಬರಿನಲ್ಲಿ 32 ತಾಣಗಳನ್ನು ಮುಚ್ಚಿಸಿದ ಪಟ್ಟಿಯಲ್ಲಿ ಗಿಟ್‌ಹಬ್ಬಿನ ಪುಟಗಳೂ ಸೇರಿದ್ದವು. ಬಹಿ ಎಲ್ಲರದು, ಉಗ್ರಾಣ ಒಬ್ಬನದು ಎಂದಾದರೆ ಬೀಗದ ಕೈ ಅವನ ಸೊಂಟದಲ್ಲೇ. ಆದ್ದರಿಂದ ಜನರ ಬಹಿಗೆ ಜನರದೇ ಉಗ್ರಾಣ ಬೇಕು. ವಿಶ್ವವಿದ್ಯಾಲಯಗಳಲ್ಲಿ, ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅದರ ಪ್ರತಿಗಳಿರಬೇಕು.

ನಮ್ಮ ಬೇಡಿಕೆಗಳು ಸ್ಪಷ್ಟ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಪ್ರತಿ ತಂತ್ರಾಂಶದ ತಿದ್ದುಪಡಿಯ ಬಹಿ ಮೊದಲ ನಮೂದಿನಿಂದಲೂ ಬಯಲಾಗಬೇಕು. ಹಳೆಯ ಪುಟಗಳನ್ನು ನುಂಗಿ ಕೊನೆಯ ಪುಟ ಮಾತ್ರ ತೋರಿಸುವ ಚಮತ್ಕಾರ ನಡೆಯದು. ಕಚೇರಿಯಲ್ಲಿ ಓಡುತ್ತಿರುವುದು ಬಹಿಯಲ್ಲಿ ಬರೆದದ್ದೇ ಎಂದು ಹೊರಗಿನವರು ತಾಳೆ ನೋಡಿ ಮುದ್ರೆ ಒತ್ತಬೇಕು. ಗಿರಣಿಯ ಸಂಬಳದ ತಂತ್ರಾಂಶದಲ್ಲಿ, ಕಬ್ಬಿನ ಕಾಟಾದ ತಂತ್ರಾಂಶದಲ್ಲಿ ಏನಾದರೂ ತಿದ್ದುವ ಮೊದಲು ಕಾರ್ಮಿಕ ಸಂಘಕ್ಕೆ, ಬೆಳೆಗಾರರಿಗೆ ಬರಹದಲ್ಲಿ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇದು: ಯಂತ್ರದ ಲೆಕ್ಕದ ಮೇಲೆ ಒಬ್ಬನ ಕೂಲಿ ಮುರಿಯುವ, ದಂಡ ಹಾಕುವ, ಹೆಸರು ತೆಗೆಯುವ ಮೊದಲು ಆ ಯಂತ್ರದ ಬಹಿಯನ್ನು ಅವನ ಕೈಗೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವು ಗಣಕ ದಾಖಲೆಗೆ ಇಂಥದೇ ಮುದ್ರೆಯ ಅಂಕಿಯನ್ನು ಕೇಳುತ್ತದೆ. ದಾಖಲೆಗೆ ಮುದ್ರೆ ಬೇಕಾದರೆ ಆ ದಾಖಲೆಯನ್ನು ಹೆತ್ತ ತಂತ್ರಾಂಶಕ್ಕೆ ಬೇಡವೇ?

ಹಾಜರಿ ಪುಸ್ತಕ ನೋಡುವ ಹಕ್ಕನ್ನು ಯಾವ ಮಾಲೀಕನೂ ತಾನಾಗಿ ಕೊಡಲಿಲ್ಲ. ನಮ್ಮ ಹಿರಿಯರು ಗೇಟಿನ ಮುಂದೆ ನಿಂತು ಪಡೆದರು. ತಕ್ಕಡಿಗೆ ಮುದ್ರೆ ಬಂದದ್ದೂ ಕೊಳ್ಳುವ ಜನ ಗಲಾಟೆ ಮಾಡಿದ ಮೇಲೆಯೇ. ಈಗ ‘ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ’ ಎಂದು ಕಿಟಕಿಯ ಒಳಗಿನಿಂದ ಮಾತು ಬಂದಾಗ ತಲೆ ತಗ್ಗಿಸಿ ಮನೆಗೆ ಹೋಗಬೇಡಿ. ಯಾರು ತಿದ್ದಿದರು, ಯಾವಾಗ, ಏತಕ್ಕೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಕೇಳಿ. 10 ರೂಪಾಯಿಯ ಅರ್ಜಿ ಹಾಕಿ ಕೇಳಿ. ಒಬ್ಬನೇ ಕೇಳಿದರೆ ತಕರಾರುಗಾರ ಎನ್ನುತ್ತಾರೆ. ಬೀದರು, ಭಾಲ್ಕಿ, ಔರಾದಿನ ಗಿರಣಿ ಗಂಜುಗಳೆಲ್ಲ ಕೂಡಿ ಕೇಳಿದರೆ ಬಹಿ ಬಿಚ್ಚಲೇಬೇಕಾಗುತ್ತದೆ.